ಕರೆಯ ಹಾಡು ನಿಂತ ಭಾನುವಾರ

ಕೋಲ್ಟನ್ ಫ್ಲಾಟ್ಸ್, ಓಕ್ಲಹೋಮ
ಜೂನ್ ತಿಂಗಳ ಎರಡನೇ ಶುಕ್ರವಾರ

ನನ್ನ ಮುನಿಸುಗಾರ್ತಿ ತಂಗಿ ಟ್ವೈಲಾಗೆ,

ಓಟಿನ ಜಗಳಕ್ಕೆ ಮುನಿದು, ಎರಡು ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದರೂ ಅಕ್ಕನ ಜೊತೆ ಮಾತು ಬಿಟ್ಟು ಕೂತಿದ್ದವಳು ಈಗ ಇದ್ದಕ್ಕಿದ್ದಂತೆ ಹೂವಿನ ಬುಟ್ಟಿ ಕಳಿಸಿದ್ದೀಯ. ಜೊತೆಗೊಂದು ಚೀಟಿ: "ಅಂತೂ ಕಣ್ಣು ಬಿಟ್ಟೆಯಲ್ಲ ಅಕ್ಕಾ, ಶಭಾಷ್!" ನಮ್ಮ ಚರ್ಚಿನಲ್ಲಿ ಯಾರೋ ಫೋನಿನಲ್ಲಿ ಹಿಡಿದ ವಿಡಿಯೋ ನಿಮ್ಮ ಮಿನಿಯಾಪೊಲಿಸ್‌ವರೆಗೂ ಬಂತು ಅಂತಾಯಿತು. ಹೂ ಚೆನ್ನಾಗಿವೆ, ಊಟದ ಮೇಜಿನ ಮೇಲಿಟ್ಟಿದ್ದೇನೆ. ಆದರೆ ಚಪ್ಪಾಳೆ ತಟ್ಟುವ ಮೊದಲು ನಡೆದದ್ದನ್ನು ಕೇಳು ಮಾರಾಯ್ತಿ.

ನಾನು ನಿನ್ನ ಪಕ್ಷ ಸೇರಿಲ್ಲ. ಗೇಲನ್ ಸ್ಟ್ರೌಡ್ ನಮ್ಮ ರಾಜ್ಯದ ಸೆನೆಟ್‌ಗೆ ನಿಂತಿದ್ದಾನೆ, ನನ್ನ ಓಟು ಅವನಿಗೇ. ಗರ್ಭಪಾತ ಕೂಡದೆಂದು ಹುಟ್ಟದ ಕೂಸುಗಳ ಪರ ಗಟ್ಟಿಯಾಗಿ ಮಾತಾಡುವವನು ಅವನೊಬ್ಬನೇ. ಕೂಸನ್ನು ಮಣ್ಣಿಗಿಟ್ಟ ತಾಯಿ ನಾನು, ಈ ವಿಷಯದಲ್ಲಿ ನಿನ್ನ ವಾದ ನನಗೆ ಬೇಡವೇ ಬೇಡ.

ನಾನು ಹೇಳಬೇಕಿರುವುದು ನನ್ನ ಎಲ್ಡನ್‌ನ ಕಥೆ. ಮಗುವಿನ ಮಣ್ಣಿನ ದಿನ ಆಗಿನ ಪಾಸ್ಟರ್, "ದೇವರ ತೋಟಕ್ಕೆ ಒಂದು ಹೂ ಬೇಕಿತ್ತಮ್ಮ" ಅಂದಿದ್ದು ನಿನಗೂ ನೆನಪಿರಬೇಕು. "ಬೇಕಿದ್ರೆ ಅವ್ನೇ ಬೆಳ್ಕೋಬೇಕಿತ್ತು" ಎಂದು ಎದ್ದುಹೋದ ನನ್ನ ಗಂಡ ಮತ್ತೆ ಚರ್ಚಿನೊಳಗೆ ಕಾಲಿಟ್ಟಿರಲಿಲ್ಲ. ಆದರೂ ಒಂದು ಭಾನುವಾರವೂ ತಪ್ಪದೆ ನನ್ನನ್ನು ಕರೆತಂದು, ಹೊರಗೆ ಪಿಕಪ್ ಟ್ರಕ್ಕಿನಲ್ಲಿ ರೇಡಿಯೋ ಹಾಕಿಕೊಂಡು ಕಾಯುತ್ತಿದ್ದ. ಒಳಗೆ ನಾನು ಪಿಯಾನೋ ಮುಂದೆ. ಪಾಸ್ಟರರ ಉಪದೇಶ ಮುಗಿದ ಮೇಲೆ ಕರೆಯ ಹಾಡು ನನ್ನದೇ. ಯಾರಾದರೊಬ್ಬರು ಎದ್ದು ಮುಂದೆ ಬಂದು ಯೇಸುವಿಗೆ ಮನಸ್ಸು ಕೊಡುವವರೆಗೆ ಚರಣದ ಮೇಲೆ ಚರಣ ಬಾರಿಸುತ್ತಲೇ ಇರಬೇಕು. ಪ್ರತಿ ಸಲವೂ ನನ್ನ ಕಣ್ಣು ಬಾಗಿಲ ಮೇಲೆ. ಊರವರೆಲ್ಲ ಬಂದರು, ನನ್ನವನು ಬರಲಿಲ್ಲ.

ಕಳೆದ ಭಾನುವಾರ ಟ್ರಕ್ಕಿನ ಏಸಿ ಕೆಟ್ಟಿತ್ತು. ಹೊರಗೆ ಬಿಸಿಲೋ ಬಿಸಿಲು. "ಒಳಗ್ ಬಂದು ಕೂತ್ಕೊ, ಯಾರೂ ನಿನ್ನ ತಿಂದುಹಾಕಲ್ಲ" ಅಂದೆ. ಬಂದ! ಹ್ಯಾಟನ್ನು ಮೊಣಕಾಲ ಮೇಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂತ. ನಾನು ಮೊದಲ ಹಾಡಿನ ಪುಟವನ್ನೇ ತಪ್ಪಾಗಿ ತೆರೆದೆ ಕಣೇ.

ಈಗಿನ ಪಾಸ್ಟರ್ ಬ್ರದರ್ ಹಾಲಿಸ್ ಉಪದೇಶ ಮುಗಿಸಿದರು, ನಾನು ಕರೆಯ ಹಾಡು ಎತ್ತಿಕೊಂಡೆ. ಅಷ್ಟರಲ್ಲಿ ಅವರು ಪಕ್ಕಕ್ಕೆ ಸರಿದು, ಅಂದು ಅತಿಥಿಯಾಗಿ ಬಂದಿದ್ದ ಸ್ಟ್ರೌಡ್‌ಗೆ ಜಾಗ ಬಿಟ್ಟರು. ಅವನ ಪ್ರಚಾರದ ಹುಡುಗಿ ನನ್ನ ಕಿವಿಯಲ್ಲಿ, "ನಿಲ್ಲಿಸ್ಬೇಡಿ ಸಿಸ್ಟರ್, ಹಿಂದ್ಗಡೆ ಮೆತ್ತಗೆ ಬಾರಿಸ್ತಾ ಇರಿ, ವಿಡಿಯೋಗೆ ಚೆನ್ನಾಗಿರುತ್ತೆ" ಅಂದಳು. ಬಾರಿಸಿದೆ. ಸ್ಟ್ರೌಡ್ ಕೈಯೆತ್ತಿ ಕೂಗಿದ: "ಈ ರಾಜ್ಯಾನ ದೇವ್ರಿಗೆ ಒಪ್ಪಿಸೋಕೆ ನನ್ ಜೊತೆ ಯಾರ್ಯಾರು ನಿಲ್ತೀರೋ, ಬನ್ನಿ, ಮುಂದಕ್ಕೆ ಬನ್ನಿ!" ಜನ ಎದ್ದು ಬಂದರು. ಅವನು ಕೈ ಕುಲುಕುವುದು, ಆ ಹುಡುಗಿ ಬಂದವರ ಎದೆಗೆ ಅವನ ಹೆಸರಿನ ಬಿಲ್ಲೆ ಚುಚ್ಚುವುದು. ಆಗ ಕೊನೆಯ ಬೆಂಚಿನಿಂದ ಎಲ್ಡನ್ ಎದ್ದ.

ನನ್ನ ಮೈಯೆಲ್ಲ ಉರಿದುಹೋಯಿತು. ಯೇಸು ಕರೆದಾಗ ಬಾರದವನು ಗೇಲನ್ ಸ್ಟ್ರೌಡ್ ಕರೆದರೆ ಬರುತ್ತಾನೆ! ಇಷ್ಟು ವರ್ಷದ ನನ್ನ ಕಣ್ಣೀರಿಗೆ ಒಂದು ತಗಡಿನ ಬಿಲ್ಲೆಯೇ? ಪಿಯಾನೋ ಮುಚ್ಚಳವನ್ನು ದಡಾರನೆ ಹಾಕಿಬಿಟ್ಟೆ. ನಿನ್ನ ವಿಡಿಯೋದಲ್ಲಿರುವ ಸದ್ದು ಅದೇ. ಸ್ಟ್ರೌಡ್‌ನ ಮಾತು ಬಾಯಲ್ಲೇ ಉಳಿಯಿತು. ಎಲ್ಡನ್ ನಡುದಾರಿಯಲ್ಲಿ ನಿಂತ, ನನ್ನನ್ನು ನೋಡಿದ, ಹ್ಯಾಟು ತಲೆಗಿಟ್ಟುಕೊಂಡು ಹೊರಗೆ ಹೋದ. ಮನೆಗೆ ಬರುವ ದಾರಿಯಲ್ಲಿ ಅವನು ಏನೂ ಮಾತಾಡಲಿಲ್ಲ.

ಮಂಗಳವಾರ ಬ್ರದರ್ ಹಾಲಿಸ್ ಬಂದಿದ್ದರು. ಬರುವ ಬುಧವಾರದ ಪ್ರಾರ್ಥನಾ ಕೂಟಕ್ಕೆ ಸ್ಟ್ರೌಡ್ ಬರುತ್ತಾನಂತೆ, ಎಲ್ಲರೆದುರು ನಾನು ಅವನ ಕ್ಷಮೆ ಕೇಳಬೇಕಂತೆ. "ಇಲ್ಲಾಂದ್ರೆ ಲೋರೀನ್, ಪಿಯಾನೋಗೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ" ಅಂದರು. ನಾನು ಬಿಟ್ಟೇನೆಯೇ? "ದೇವ್ರ ಕರೆಯನ್ನ ಬಾಡಿಗೆಗೆ ಕೊಟ್ಟೋರು ನೀವು, ಕ್ಷಮೆ ಕೇಳ್ಬೇಕಾದ್ದು ನಾನಾ?" ಅಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಈಗಲೂ ನನ್ನ ಮಾತು ಅದೇ. ಓಟು ಬೇಕಾದವನು ಬೀದಿಯಲ್ಲಿ ಕೇಳಲಿ, ಮನೆಬಾಗಿಲಿಗೆ ಬಂದು ಕೇಳಲಿ, ನಾನೇ ಕಾಫಿ ಕೊಡುತ್ತೇನೆ. ಆ ಹಾಡು ಅದಕ್ಕಲ್ಲ. ಅಷ್ಟರ ಮಟ್ಟಿಗೆ ನಿನ್ನ ಹೂ ನನಗೆ ಸಲ್ಲುತ್ತವೆ.

ಆದರೂ ಬುಧವಾರ ಹೋಗಿ ಕ್ಷಮೆ ಕೇಳುತ್ತೇನೆ. ನೀನು ತಲೆ ಚಚ್ಚಿಕೊಳ್ಳುತ್ತೀಯ, ಗೊತ್ತು. ಕಾರಣ ಕೇಳಬೇಡ. ಆ ಪಿಯಾನೋ ನನಗೆ ಬೇಕು, ಅಷ್ಟೆ. ಈ ನವೆಂಬರ್‌ನ ಹಬ್ಬಕ್ಕಾದರೂ ಸಿಟ್ಟು ಬಿಟ್ಟು ಬಾ. ಟರ್ಕಿ ಕೋಳಿ ನಾನು ಬೇಯಿಸುತ್ತೇನೆ, ಜಗಳ ನೀನು ತಾ.

ನಿನ್ನ ಹಟಮಾರಿ ಅಕ್ಕ,
ಲೋರೀನ್

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ದಾರಿಯಲ್ಲಿ ಎಲ್ಡನ್ ಮಾತಾಡಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. "ಸ್ಟ್ರೌಡ್ ಕೈ ಕುಲುಕೋಕೆ ಅಷ್ಟೊಂದು ಆಸೆನಾ ನಿಂಗೆ?" ಎಂದು ನಾನು ರೇಗಿದೆ. ಅವನು ಟ್ರಕ್ಕನ್ನು ರಸ್ತೆ ಬದಿಗೆ ನಿಲ್ಲಿಸಿದ. "ಅವ್ನು ಏನಂದ್ನೋ ನಂಗೆ ಒಂದಕ್ಷರ ಗೊತ್ತಿಲ್ಲ ಲೋರೀನ್" ಅಂದ. "ನಂಗೆ ನಿನ್ನ ಹಾಡೊಂದೇ ಕೇಳಿಸ್ತಿತ್ತು. ಮಗೂನ ಮಲಗಿಸ್ವಾಗ ನೀನು ಅದನ್ನೇ ಗುನುಗ್ತಿದ್ದೆ. ಸಾಕು ದೇವ್ರ ಮೇಲಿನ ಈ ಸಿಟ್ಟು, ಮುಂದಕ್ಕೆ ಹೋಗ್ಬಿಡೋಣ ಅನ್ನಿಸ್ತು, ಎದ್ದೆ. ನೀನು ನಿಲ್ಲಿಸ್ಬಿಟ್ಟೆ."

ಆ ಹಾಡನ್ನು ಇನ್ನೊಂದು ಸಲ ಬಾರಿಸಲು ಬಿಟ್ಟರೆ ಸ್ಟ್ರೌಡ್‌ನ ಕಾಲಿಗೂ ಬೀಳುತ್ತೇನೆ ಟ್ವೈಲಾ. ಆದರೆ ನಿನ್ನೆ ಎಲ್ಡನ್ ಟ್ರಕ್ಕಿನ ಏಸಿ ರಿಪೇರಿ ಮಾಡಿಸಿಕೊಂಡು ಬಂದ.