ಭಾನುವಾರ ಒಣಹಾಕಿದ ಬೆಡ್‌ಶೀಟು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಸಣ್ಣ ಮಗಳಿಗೆ ಅಪ್ಪನ ಪ್ರೀತಿ, ಆಶೀರ್ವಾದ.

ಹೇಗಿದ್ದೀಯಮ್ಮಾ? ಮೊಣಕಾಲು ನೋವು ಕಡಿಮೆಯಾಯಿತೇ? ಅಷ್ಟೆತ್ತರದ ಕ್ರೇನಿಗೆ ದಿನಾ ಏಣಿ ಹತ್ತಿ ಇಳಿಯುವವಳು ನೀನು. ಹಡಗಿನ ಸರಕು ಇಳಿಸುವ ಅವಸರದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುವುದನ್ನು ಮರೆಯಬೇಡ. ಬಂದರಿನ ಗಾಳಿ ಕೆಟ್ಟದ್ದು, ಕಿವಿಗೆ ಹತ್ತಿ ಇಟ್ಟುಕೋ. ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಸುಸ್ತಾಗಿದ್ದೇನೆ. ನಾಲ್ಕು ವರ್ಷದ ಮಗುವಿನ ಹಿಂದೆ ಓಡಲು ಎಪ್ಪತ್ತರ ಕಾಲು ಸಾಲದು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಬಂದರೆ ನಿನ್ನ ಮಗಳು ನನ್ನ ತೊಡೆ ಏರಿ ಕೂರುತ್ತಾಳೆ, ಅವಳ ಮುಂದೆ ಆಡುವ ಮಾತಲ್ಲ ಇದು. ಈಗ ಊಟ ಮಾಡಿ ಮಲಗಿದ್ದಾಳೆ, ಅದಕ್ಕೆ ಕಾಗದ ಹಿಡಿದು ಕೂತೆ.

ಹುಟ್ಟಿದ ದಿನ ಅವಳ ಅಳು ಕೇಳಿ ‘ಸೀಟಿ’ ಎಂದು ಹೆಸರಿಟ್ಟವನು ನಾನೇ. ಕಂಡಕ್ಟರಾಗಿದ್ದವನಿಗೆ ಬೇರೇನು ಹೊಳೆಯುತ್ತೆ ಹೇಳು. ನೀನು ಕೆಲಸಕ್ಕೆ ಹೊರಟಾಗ ಅವಳಿಗಿನ್ನೂ ಚಡ್ಡಿ ಒದ್ದೆ ಮಾಡಿಕೊಳ್ಳದಷ್ಟು ಹಿಡಿತ ಬಂದಿರಲಿಲ್ಲ. ‘ಅಪ್ಪಾ, ನಿಧಾನಕ್ಕೆ ಕಲಿಸು’ ಎಂದು ಹೇಳಿ, ಮಕ್ಕಳು ಕಕ್ಕಸಿಗೆ ಕೂರುವ ಒಂದು ಹಳದಿ ಪಾಟಿ ಕೊಟ್ಟು ಹೋದೆ. ನಾನೋ, ಈ ವಿದ್ಯೆಯಲ್ಲಿ ಅಆಇಈ ಗೊತ್ತಿಲ್ಲದವನು. ನೀನೂ ನಿನ್ನ ಅಕ್ಕನೂ ಚಿಕ್ಕವರಿದ್ದಾಗ ಇದೆಲ್ಲ ನಿಮ್ಮಮ್ಮನ ಪಾಲಿಗಿತ್ತು. ನಾನು ಟಿಕೆಟ್ ಹರಿದು ಮನೆಗೆ ಬರುವಷ್ಟರಲ್ಲಿ ನೀವು ಒಣ ಚಡ್ಡಿ ಹಾಕಿಕೊಂಡು, ಪೌಡರ್ ಬಳಿದುಕೊಂಡು ನಗುತ್ತಾ ಕೂತಿರುತ್ತಿದ್ದಿರಿ. ಮಕ್ಕಳು ಹುಟ್ಟುವುದೇ ಹಾಗೆ ಅಂದುಕೊಂಡಿದ್ದೆ.

ಮೊದಮೊದಲು ಆ ಪಾಟಿ ಅವಳಿಗೆ ಟೋಪಿಯಾಯಿತು, ಗೊಂಬೆಗೆ ತೊಟ್ಟಿಲಾಯಿತು, ಯಾವುದಕ್ಕೆ ತಂದದ್ದೋ ಅದೊಂದನ್ನು ಬಿಟ್ಟು. ಕೂರಿಸಿದರೆ ಗಲ್ಲಕ್ಕೆ ಕೈಕೊಟ್ಟು ಕೂತು, ‘ಬರ್ತಿಲ್ಲ ತಾತ’ ಎಂದು ಎದ್ದು, ನೇರ ಪರದೆಯ ಹಿಂದೆ ಹೋಗಿ ಕೆಲಸ ಮುಗಿಸುತ್ತಿದ್ದಳು. ಕೊನೆಗೆ ನನಗೆ ಗೊತ್ತಿರುವ ಒಂದೇ ವಿದ್ಯೆ ಹಿಡಿದೆ. ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ಸು ಮಾಡಿದೆ. ಹೊಟ್ಟೆಯಲ್ಲಿ ಒತ್ತಿದಂತಾದ ಕೂಡಲೇ ‘ಹೋಲ್ಡಾನ್’ ಅನ್ನಬೇಕು, ಬಸ್ಸು ಬಚ್ಚಲ ಸ್ಟಾಪಿನಲ್ಲಿ ನಿಲ್ಲುತ್ತೆ. ಇದು ನಾಟಿತು ನೋಡು. ಒಂದು ಸಲ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗ ‘ಹೋಲ್ಡಾನ್’ ಎಂದು ಕೂಗಿದಳು. ಬಾಗಿಲ ಕಾವಲಿನವನು ಕಳ್ಳರೇ ನುಗ್ಗಿದರೆಂದು ಗಾಬರಿಯಾಗಿ ಎದ್ದ. ನಾನು ಅವಳನ್ನು ಕಂಕುಳಲ್ಲಿ ಇರುಕಿಕೊಂಡು ಅವನನ್ನು ದಾಟಿ ಓಡಿದೆ.

ಹಗಲು ಗೆದ್ದೆವು, ಆದರೆ ನಿದ್ದೆ ನಮ್ಮ ಮಾತು ಕೇಳಲಿಲ್ಲ. ಸಂಜೆಯ ಮೇಲೆ ನೀರು ಕಡಿಮೆ ಮಾಡಿದೆ, ಮಲಗುವ ಮುಂಚೆ ಎರಡು ಸಲ ಬಚ್ಚಲಿಗೆ ಕರೆದುಕೊಂಡು ಹೋದೆ. ಆದರೂ ಬೆಳಿಗ್ಗೆ ನೆಲದ ಮೇಲಿನ ಅವಳ ಹಾಸಿಗೆ ಒದ್ದೆ. ಒಗೆಯುವುದು, ಹಿಂಡುವುದು, ಹಾಸಿಗೆಯನ್ನು ಕಿಟಕಿಗೆ ಒರಗಿಸಿ ಬಿಸಿಲು ಬಂದ ಕಡೆಗೆ ತಿರುಗಿಸುತ್ತಾ ಕೂರುವುದು. ಹಿಂಡಿ ಹಿಂಡಿ ಕೈ ಸೋತಿದೆ. ಆದರೆ ಬೈಯಲಿಲ್ಲ. ಬೈದರೆ ನಿಲ್ಲುವ ಪೈಕಿಯದಲ್ಲ ಅದು. ಅವಳು ಮುಖ ಸಣ್ಣದು ಮಾಡಿಕೊಂಡಾಗ, ‘ಬೇಕಂತ ಯಾರು ಮಾಡ್ತಾರೆ, ಏಳು’ ಅಂತಷ್ಟೇ ಹೇಳಿ ಬೇರೆ ಚಡ್ಡಿ ಹಾಕುತ್ತಿದ್ದೆ. ಬರಬರುತ್ತಾ ಕಡಿಮೆಯಾಗಿ, ಹೋದ ತಿಂಗಳು ಪೂರಾ ನಿಂತೇಹೋಯಿತು. ನಿನಗೆ ಫೋನಿನಲ್ಲಿ ಅವಳೇ ಹೇಳಿಕೊಂಡಳಲ್ಲ, ಗೆದ್ದು ಬಂದವಳ ಹಾಗೆ.

ನಿನ್ನ ಅಕ್ಕನ ಮೇಲೆ ದೂರು ಹೇಳುತ್ತಿಲ್ಲ. ಭಾನುವಾರ ಬಂದರೆ ಎರಡು ದಿನಕ್ಕಾಗುವಷ್ಟು ಅಡುಗೆ ಮಾಡಿಟ್ಟೇ ಹೋಗುವುದು. ಆದರೆ ಅವಳದು ಒಂದೇ ರಾಗ. ‘ಅಪ್ಪಾ, ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ. ನೀನು ನಮ್ಮನೆಗೆ ಬಂದ್ಬಿಡು. ತಂದೆಯಂತೂ ಇಲ್ಲ, ಮಗು ತಾಯಿ ಹತ್ರ ಇರ್ಲಿ, ಅಲ್ಲೇ ಯಾವುದಾದ್ರೂ ಶಿಶುವಿಹಾರಕ್ಕೆ ಹಾಕ್ಲಿ.’ ಇದನ್ನು ಮಗುವಿನ ಎದುರಿಗೇ ಹೇಳುತ್ತಾಳೆ, ಆ ಕಿವಿಗಳಿಗೆ ಏನೂ ಕೇಳಿಸದು ಅನ್ನುವ ಹಾಗೆ.

ಮೊನ್ನೆ ಭಾನುವಾರ ಬಂದವಳ ಕಣ್ಣಿಗೆ ತಂತಿಯ ಮೇಲಿದ್ದ ಬೆಡ್‌ಶೀಟು ಬಿತ್ತು. ‘ಮತ್ತೆ ಶುರುವಾಯ್ತಾ?’ ಎಂದಳು. ನಾನು ಬಾಯಿ ತೆಗೆಯುವ ಮುಂಚೆಯೇ ಸೀಟಿ, ‘ಹೂಂ, ನಾನೇ’ ಎಂದಳು. ‘ಇಷ್ಟು ದೊಡ್ಡವಳಾಗಿ ನಾಚಿಕೆ ಆಗಲ್ವಾ’ ಎಂದು ಬೈದು, ಅಕ್ಕ ನಿಂತ ಕಾಲಲ್ಲೇ ನಿನಗೆ ಫೋನು ಮಾಡಿ ಮಗುವಿನ ಕೈಗೆ ಕೊಟ್ಟಳು. ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದಿದ್ದೆಯಂತೆ. ದಣಿದವರ ಬಾಯಲ್ಲಿ ಬರುವ ಮಾತೇ ನಿನ್ನ ಬಾಯಲ್ಲೂ ಬಂತು. ‘ಹೀಗೇ ಮಾಡ್ತಾ ಇದ್ರೆ ಅಮ್ಮ ಬರೋದೇ ಇಲ್ಲ’ ಅಂದೆ. ಸೀಟಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆಯಾಡಿಸಿದಳು. ನಿನಗದು ಕಾಣಿಸಿರಲಿಕ್ಕಿಲ್ಲ.

ಅವತ್ತಿನಿಂದ ಹಗಲಲ್ಲೂ ನೀರು ಕುಡಿಯುತ್ತಿಲ್ಲ. ಲೋಟ ಮುಂದಿಟ್ಟರೆ ಬೆರಳಿನಿಂದ ಹಿಂದಕ್ಕೆ ತಳ್ಳುತ್ತಾಳೆ. ಹಾಲೂ ಬೇಡ. ಬಸ್ಸಿನಾಟಕ್ಕೆ ಕರೆದರೆ, ‘ಬಸ್ಸು ಕೆಟ್ಟಿದೆ’ ಅನ್ನುತ್ತಾಳೆ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಈ ಕಾಗದ ಕೈಸೇರಿದ ದಿನವೇ ಫೋನು ಮಾಡಿ ಅವಳ ಹತ್ತಿರ ಮಾತಾಡು. ಬುದ್ಧಿ ಹೇಳಲು ಹೋಗಬೇಡ, ಬರುತ್ತೇನೆ ಅಂತ ಒಂದು ಮಾತು ಹೇಳು ಸಾಕು.

ಬೇರೆ ಏನೂ ವಿಶೇಷವಿಲ್ಲ. ಬಚ್ಚಲ ನಲ್ಲಿ ಸೋರುತ್ತಿತ್ತು, ಸರಿ ಮಾಡಿಸಿದೆ. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಯನ್ನು ಕೇಳಿದೆನೆಂದು ಹೇಳು. ಎತ್ತರದಲ್ಲಿ ಕೂತು ಕೆಲಸ ಮಾಡುವವಳು, ಕೆಳಗಿರುವ ನಮ್ಮ ಯೋಚನೆ ಮಾಡುತ್ತಾ ಮೈಮರೆಯಬೇಡ. ಚೆನ್ನಾಗಿರು ತಾಯಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಭಾನುವಾರದ ಆ ಬೆಡ್‌ಶೀಟು ಸೀಟಿಯದಲ್ಲ, ನನ್ನದು. ನಿದ್ದೆಯಲ್ಲಿ ನನಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಅವಳು ಏಳುವ ಮುಂಚೆ ಒಗೆದುಬಿಡೋಣವೆಂದು ಬಚ್ಚಲಲ್ಲಿ ಕೂತಿದ್ದೆ. ಹೊರಗೆ ಬಂದು ನೋಡಿದರೆ, ತನ್ನ ಹಾಸಿಗೆಯ ರಬ್ಬರ್ ಶೀಟು ಎಳೆದು ತಂದು ನನ್ನ ಮಂಚದ ಮೇಲೆ ಹಾಸುತ್ತಿದ್ದಳು. ದೊಡ್ಡಮ್ಮನ ಮುಂದೆ ಯಾಕೆ ಸುಳ್ಳು ಹೇಳಿದೆ ಅಂತ ಆಮೇಲೆ ಕೇಳಿದೆ. ‘ನಂದು ಅಂದ್ರೆ ಬೈತಾಳೆ ಅಷ್ಟೆ. ನಿಂದು ಅಂದ್ರೆ ನಿನ್ನ ಕರ್ಕೊಂಡು ಹೋಗ್ತಾಳೆ’ ಅಂದಳು. ನೀನು ಅವಳಿಗೆ ಬೈಯುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ ಮಗಳೇ, ಬಾಯಿ ಬಿಡಲಿಲ್ಲ. ನನ್ನ ಹಾಸಿಗೆ ಒದ್ದೆಯಾದದ್ದು ಇದೇ ಮೊದಲ ಸಲವೂ ಅಲ್ಲ. ಡಾಕ್ಟರಿಗೆ ತೋರಿಸಬೇಕು, ಒಬ್ಬನೇ ಹೋಗಿ ಹೇಳಿಕೊಳ್ಳಲು ನಾಚಿಕೆ. ಒಂದೆರಡು ದಿನ ರಜ ಸಿಕ್ಕರೆ ಬಂದು ಹೋಗು. ಅಕ್ಕನಿಗೆ ನೀನು ಹೇಳಬೇಡ, ಮತ್ತೆ ಅಡುಗೆ ಮಾಡಿಡಲು ಇವತ್ತು ಸಂಜೆ ಬರುತ್ತಾಳೆ, ನಾನೇ ಹೇಳುತ್ತೇನೆ. ಮಗು ಎದ್ದಳು. ಅವಳ ಕೈಯಿಂದಲೇ ಇದನ್ನು ಅಂಚೆ ಡಬ್ಬಿಗೆ ಹಾಕಿಸುತ್ತೇನೆ, ನನ್ನ ಕೈಯಲ್ಲಿದ್ದರೆ ಹರಿದುಹಾಕಿಬಿಟ್ಟೇನು.