ದೊರೆ ಗೂಡು ಬಿಟ್ಟ ಸುದ್ದಿ

ಮಂಗಳವಾರ, ೧೮ ಫೆಬ್ರವರಿ

ಹಲ್ಲಿನ ಡಾಕ್ಟರಾದ ದೊರೆಯವರಿಗೆ,

ಎರಡು ವರ್ಷ ಒಂದು ಸಾಲು ಗೀಚದವರು ಈಗ ನಾಲ್ಕು ಪುಟ ಬರೆದಿದ್ದೀರಿ. ಮಗಳು ಹೇಗಿದ್ದಾಳೆ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಇರುವುದೆಲ್ಲ ಒಂದು ಕೊಕ್ಕರೆಯ ಮೇಲಿನ ದೂರು. ಅದರ ಹೆಸರು ಬದಲಾಯಿಸಬೇಕಂತೆ, ಇಲ್ಲದಿದ್ದರೆ ನಮ್ಮ ಮುಖ್ಯಸ್ಥರಿಗೆ ಹೇಳುತ್ತೀರಂತೆ. ಅಬ್ಬಾ, ಹೆದರಿಬಿಟ್ಟೆ!

ಕೆರೆ ಉಳಿಸುವ ನಮ್ಮ ಸಂಸ್ಥೆಯಲ್ಲಿ ವಿಜ್ಞಾನಿಗಳು ಹಕ್ಕಿಯ ಬೆನ್ನಿಗೆ ಪುಟ್ಟ ಯಂತ್ರ ಕಟ್ಟುತ್ತಾರೆ. ಅದು ಎಲ್ಲಿ ಹಾರಿತು, ಎಲ್ಲಿ ಇಳಿಯಿತು ಎಂದು ಯಂತ್ರ ತಿಳಿಸುತ್ತದೆ. ಅದನ್ನು ಜನರಿಗೆ ಅರ್ಥವಾಗುವಂತೆ ಬರೆದು ಊರಿಗೆಲ್ಲ ಮುಟ್ಟಿಸುವುದು ನನ್ನ ಕೆಲಸ. ನೀವದನ್ನು "ಕರಪತ್ರ ಹಂಚೋ ಕೆಲಸ" ಎಂದು ಸ್ನೇಹಿತರ ಮುಂದೆ ಆಡಿಕೊಳ್ಳುತ್ತಿದ್ದಿರಿ. ಆ ಕರಪತ್ರವೇ ಈಗ ಪ್ರತಿ ಸೋಮವಾರ ಶಾಲೆ, ಬಸ್ ನಿಲ್ದಾಣ, ಆಸ್ಪತ್ರೆಗಳ ಗೋಡೆ ಏರುತ್ತದೆ. ನಿಮ್ಮ ಕ್ಲಿನಿಕ್ಕಿಗೆ ಮರೆಯದೆ ಎರಡು ಪ್ರತಿ ಕಳಿಸುತ್ತೇನೆ.

'ದೊರೆ' ಎಂಬ ಹೆಸರನ್ನು ಶಾಲೆಯ ಮಕ್ಕಳು ಆರಿಸಿದರು ಎಂದು ಅಚ್ಚಾಗಿದೆಯಲ್ಲ, ಅದು ಶುದ್ಧ ಸುಳ್ಳು. ನಿಮ್ಮ ತಾಯಿ ಮುದ್ದಿನಿಂದ ಕರೆದು ಊರೆಲ್ಲ ಎತ್ತಿಕೊಂಡ ಆ ಹೆಸರನ್ನು ಹಕ್ಕಿಗೆ ಇಟ್ಟವಳು ನಾನು. ಆಗ ಬರೀ ಕೀಟಲೆಯಾಗಿತ್ತು. ಆಮೇಲೆ ಮೊಟ್ಟೆಗೆ ಕಾವು ಕೂತ ಹೆಣ್ಣನ್ನು ಬಿಟ್ಟು ಅದು ಆಚೆ ಕೆರೆಗೆ ಹಾರಿತು ನೋಡಿ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. "ಗೂಡು ಬಿಟ್ಟ ದೊರೆ" ಎಂದು ದಪ್ಪಕ್ಷರದಲ್ಲಿ ಹಾಕಿದೆ. ಮುಂದಿನ ಸೋಮವಾರ "ದೊರೆಗೆ ಇನ್ನೂ ಮನೆ ನೆನಪಾಗಿಲ್ಲ." ಅದರ ಮುಂದಿನ ಸೋಮವಾರ "ಮರಿಗಳು ಬಂದವು, ದೊರೆಯ ಪತ್ತೆಯಿಲ್ಲ."

ನಿಮ್ಮ ಕುರ್ಚಿಯಲ್ಲಿ ಕೂತ ಅಜ್ಜಿಯೊಬ್ಬರು ಬಾಯಲ್ಲಿ ಹತ್ತಿ ಇಟ್ಟುಕೊಂಡೇ "ಅಲ್ರೀ ಡಾಕ್ಟ್ರೇ, ಗೂಡಿಗೆ ಯಾವಾಗ ವಾಪಸ್ ಹೋಗ್ತೀರಾ?" ಎಂದು ಕೇಳಿದರಂತೆ. ಅದನ್ನೋದಿ ನಾನು ಎಷ್ಟು ನಕ್ಕೆನೆಂದರೆ ಪಕ್ಕದ ಮೇಜಿನವರು ನೀರು ತಂದುಕೊಟ್ಟರು. ಹೊಟ್ಟೆ ತಣ್ಣಗಾಯಿತು. ನೀವು ಇನ್ನೊಂದು ಮನೆ ಮಾಡಿಕೊಂಡು ಹೋದಾಗ ಇದೇ ಬೀದಿಗಳಲ್ಲಿ ನಾನು ವರ್ಷವಿಡೀ ತಲೆ ತಗ್ಗಿಸಿ ನಡೆದೆ. ಈಗ ನಿಮ್ಮ ಸರದಿ, ನಡೆಯಿರಿ.

ಆದರೆ ನಾನೂ ಒಂದು ಕಡೆ ಎಡವಿದೆ. ಮಗಳ ಶಾಲೆಯ ಗೋಡೆಯ ಮೇಲೂ ಅದೇ ಹಾಳೆ ಅಲ್ಲವೇ. ನಿನ್ನೆ ಮನೆಗೆ ಬಂದವಳು ಬೆನ್ನಿನ ಚೀಲವನ್ನೂ ಇಳಿಸದೆ, "ಅಮ್ಮಾ, ಆ ದೊರೆನೂ ಬರಲ್ವಾ?" ಎಂದಳು. ಆ 'ನೂ' ಕೇಳಿದ ಮೇಲೆಯೇ ನನಗೆ ಹೊಳೆದದ್ದು. ನಿಮಗೆಂದು ಬೀಸಿದ ಕಲ್ಲು ಹೋಗಿ ಅವಳಿಗೆ ಬಿದ್ದಿತ್ತು.

ಹಾಗಾಗಿ ಬರುವ ಸೋಮವಾರ ಹಕ್ಕಿಯ ಹೆಸರು ಬದಲಾಗುತ್ತದೆ. ಗೆದ್ದೆನೆಂದು ಬೀಗಬೇಡಿ. ಮುಖ್ಯಸ್ಥರಿಗೆ ಎಲ್ಲವನ್ನೂ ಇವತ್ತು ಬೆಳಿಗ್ಗೆ ನಾನೇ ಹೇಳಿ ಬಂದೆ. ಕೆಲಸ ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಹಾರಿಹೋದ ಐದನೇ ದಿನವೇ ಕೊಕ್ಕರೆ ಗೂಡಿಗೆ ಮರಳಿತ್ತು. ಯಂತ್ರ ತಿಳಿಸಿತ್ತು, ನಾನು ಮುಚ್ಚಿಟ್ಟು ಎರಡು ಸೋಮವಾರ ಸುಳ್ಳು ಬರೆದೆ. ಈಗ ಅದು ಹಗಲೆಲ್ಲ ಮೀನು ಹಿಡಿದು ತಂದು ಮರಿಗಳಿಗೆ ಉಣಿಸುತ್ತಿದೆ. ಹೆಸರು ಬದಲಾಯಿಸುತ್ತಿರುವುದು ನಿಮ್ಮ ಮರ್ಯಾದೆಗಾಗಿ ಅಲ್ಲ. ಮಕ್ಕಳಿಗೋಸ್ಕರ ಮರಳಿ ಬಂದ ಹಕ್ಕಿಗೆ ನಿಮ್ಮ ಹೆಸರು ಒಪ್ಪುವುದಿಲ್ಲ.