ಮಾವನ ಮೈಕ್ರೋಸ್ಕೋಪು

ಮಾವನವರಿಗೆ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದ ಮೇಲೆ ಮುಂದಿನ ಸಾಲಿಗೆ ಕೈ ಓಡಲಿಲ್ಲ. ನಿಮ್ಮ ಕ್ಷೇಮವನ್ನು ಯಾರ ಹತ್ತಿರ ವಿಚಾರಿಸಲಿ? ನಡುಮನೆಯ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಬೆಳಗಿನ ಬಿಸಿಲು ಎದುರುಮನೆಯ ಸುಣ್ಣದ ಗೋಡೆಗೆ ಬಿದ್ದು, ಅಲ್ಲಿಂದ ಮೆತ್ತಗಾಗಿ ನಮ್ಮ ಮೇಜಿನ ಮೇಲೆ ಬಂದು ಕೂತಿದೆ. ಇಂಥ ಬೆಳಕು ಕಂಡರೆ ನೀವು ಕಾಫಿಯನ್ನೂ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಿರಿ. ನಾವಿಬ್ಬರೂ ಇಲ್ಲಿ ಕಳೆದ ಆ ಬೆಳಗುಗಳು ನಿಜವಾಗಿ ನಡೆದದ್ದೋ, ಜೊಂಪಿನಲ್ಲಿ ಕಂಡದ್ದೋ ಎಂದು ಈಗೀಗ ನನಗೇ ಅನುಮಾನ.

ಆಸ್ಪತ್ರೆಯಿಂದ ನಾನು ಶಂಕರಪುರದ ಈ ಮನೆಗೆ ಬರಿಗೈಯಲ್ಲಿ ವಾಪಸು ಬಂದ ದಿನ ನೀವು ಗೇಟಿನ ಹತ್ತಿರವೇ ನಿಂತಿದ್ದಿರಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಉಳಿಯಲಿಲ್ಲ. ಇನ್ನು ಮಕ್ಕಳಾಗುವುದು ಕಷ್ಟ ಎಂದು ಡಾಕ್ಟರು ನಿಮ್ಮ ಮಗನನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನಗೂ ಕೇಳಿಸಿತ್ತು. ಅಂದಿನಿಂದ ನಾನು ಮಾತಾಡುವುದನ್ನೇ ಬಿಟ್ಟೆ. ಬಂದವರೆಲ್ಲ ಸಮಾಧಾನ ಹೇಳಿ ಹೋದರು. ಅತ್ತೆ ತಟ್ಟೆ ಇಟ್ಟು, ನಾನು ಉಣ್ಣುವವರೆಗೂ ಎದುರಿಗೇ ಕೂರುತ್ತಿದ್ದರು. ಇವರು ಬ್ಯಾಂಕಿನಿಂದ ಬಂದು ಮಂಚದ ಅಂಚಿನಲ್ಲಿ ಕೂತು, ಮಾತ್ರೆ ತಗೊಂಡೆಯಾ ಎಂದು ಕೇಳಿ ಎದ್ದುಬಿಡುತ್ತಿದ್ದರು. ನೀವೊಬ್ಬರು ಏನನ್ನೂ ಹೇಳಲಿಲ್ಲ. ಎಷ್ಟೋ ದಿನಗಳಾದ ಮೇಲೆ ಒಂದು ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಿರಿ.

"ಜಯಂತಿ, ನಿನ್ನ ಕೈ ಸ್ವಲ್ಪ ಬೇಕಾಗಿತ್ತಮ್ಮ. ನನ್ನ ಕೈ ನನ್ನ ಮಾತು ಕೇಳ್ತಿಲ್ಲ."

ನಿಮ್ಮ ಕೈ ನಡುಗುವುದನ್ನು ನಾನು ಮದುವೆಯಾಗಿ ಬಂದಾಗಲೇ ನೋಡಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ನೀವು, ಅಲ್ಲಿ ಹಳತಾಯಿತೆಂದು ಮೂಲೆಗೆ ಹಾಕಿದ್ದ ಒಂದು ಮೈಕ್ರೋಸ್ಕೋಪನ್ನು ಕೇಳಿ ಪಡೆದು ಮನೆಗೆ ತಂದಿದ್ದಿರಿ. ಅದರ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು. ನಡುಗುವ ಬೆರಳಿಗೆ ಅದು ಆಗದ ಮಾತು. ಮರದ ಪೆಟ್ಟಿಗೆಯ ಬಾಗಿಲು ತೆಗೆದು, ಅದನ್ನು ಎತ್ತುವುದು ಹೇಗೆಂದು ತೋರಿಸಿದಿರಿ. "ಒಂದು ಕೈ ತೋಳಿಗೆ, ಇನ್ನೊಂದು ಕೈ ಅಡಿಗೆ. ಕೂಸನ್ನ ಎತ್ಕೊಳ್ಳೋ ಹಾಗೆ…" ಎಂದವರು ಅಲ್ಲಿಗೇ ನಿಲ್ಲಿಸಿ, ಕಿಟಕಿಯ ಕಡೆ ತಿರುಗಿಬಿಟ್ಟಿರಿ. ನಾನು ಎತ್ತಿಕೊಂಡೆ. ಭಾರವಾಗಿತ್ತು, ತಣ್ಣಗಿತ್ತು. ಪೆಟ್ಟಿಗೆಯಿಂದ ಮೇಜಿನವರೆಗಿನ ಆ ಸ್ವಲ್ಪ ದಾರಿಯಲ್ಲಿ ನನ್ನ ತೋಳಿಗೆ ಏನು ಅನ್ನಿಸಿತು ಎಂದು ನಿಮಗೆ ಯಾವತ್ತೂ ಹೇಳಲಿಲ್ಲ. ಹೇಳಬೇಕಾಗಿತ್ತೇ?

ಮೊದಲ ದಿನ ನೀವು ಏನನ್ನೂ ತೋರಿಸಲಿಲ್ಲ, ಬರಿ ಬೆಳಕನ್ನು ತೋರಿಸಿದಿರಿ. ಕೆಳಗಿನ ಪುಟ್ಟ ಕನ್ನಡಿಯನ್ನು ಆಕಾಶದ ಕಡೆ ತಿರುಗಿಸು, ಸೂರ್ಯನ ಕಡೆ ಮಾತ್ರ ಬೇಡ, ಕಣ್ಣು ಹೋದೀತು ಎಂದಿರಿ. ಒಂದು ಕಣ್ಣನ್ನು ಕೊಳವೆಗೆ ಇಟ್ಟು ಇನ್ನೊಂದನ್ನು ಮುಚ್ಚಲು ಹೋದರೆ, ಎರಡೂ ತೆರೆದೇ ಇರಲಿ, ಬೇಡದ್ದನ್ನು ನೋಡದಿರುವುದನ್ನು ಆ ಕಣ್ಣು ತಾನೇ ಕಲಿಯುತ್ತದೆ ಎಂದಿರಿ. ಕನ್ನಡಿ ಅತ್ತಿತ್ತ ಹೊರಳಿ, ಕತ್ತಲು ಕದಡಿ, ತಟ್ಟನೆ ಒಂದು ಬಿಳಿಯ ವೃತ್ತ ತುಂಬಿಕೊಂಡಿತು. ಅದರಲ್ಲಿ ಏನೂ ಇರಲಿಲ್ಲ. ಮೋಡವಿಲ್ಲ, ಹಕ್ಕಿಯಿಲ್ಲ. ಅದರೊಳಗೆ ಇಳಿದು ಮಲಗಿಬಿಡೋಣ ಅನ್ನಿಸಿತು. ಎಷ್ಟು ಹೊತ್ತು ನೋಡಿದೆನೋ. ನೀವು ಪೇಪರ್ ಓದುತ್ತ ಪಕ್ಕದಲ್ಲಿಯೇ ಕೂತಿದ್ದಿರಿ.

ಈರುಳ್ಳಿಯ ಒಳಪೊರೆಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಗಾಯಕ್ಕೆ ಹಚ್ಚುವ ಅಯೋಡಿನ್ನಿನ ಒಂದು ಹನಿ ಬಿಟ್ಟದ್ದು ಮಾರನೆಯ ದಿನವಿರಬೇಕು. ಮೊದಲು ಚಿಕ್ಕ ಮಸೂರ, ದೊಡ್ಡದು ಆಮೇಲೆ. ಕೊಳವೆಯನ್ನು ಕೆಳಗಿಳಿಸುವಾಗ ಪಕ್ಕದಿಂದ ಬಗ್ಗಿ ನೋಡುತ್ತಿರಬೇಕು, ಇಲ್ಲದಿದ್ದರೆ ಮಸೂರ ಗಾಜಿಗೆ ತಗುಲಿ ಎರಡೂ ಹಾಳು. ಆಮೇಲೆ ಕಣ್ಣಿಟ್ಟು ಮೆಲ್ಲಗೆ ಮೇಲಕ್ಕೆ ತರಬೇಕು. ಹಾಗೇ ಮಾಡಿದೆ. ಮಂಜಿನೊಳಗಿಂದ ಒಂದು ಊರು ಎದ್ದು ಬಂದ ಹಾಗೆ, ಗೆರೆಗೆ ಗೆರೆ ಕೂಡಿ, ಮನೆಗೆ ಮನೆ ಅಂಟಿಕೊಂಡು, ಒಂದೊಂದು ಮನೆಯಲ್ಲೂ ಒಂದೊಂದು ಕಂದು ಚುಕ್ಕೆ ಕೂತಿತ್ತು.

"ಎಲ್ಲ ಮನೇಲೂ ಯಾರೋ ಇದಾರೆ ಮಾವ," ಎಂದೆ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು. ಅತ್ತೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನನ್ನನ್ನು ನೋಡಿದರು, ನಿಮ್ಮನ್ನು ನೋಡಿದರು. ನೀವು ಮಾತ್ರ ಏನೂ ಆಗದವರ ಹಾಗೆ, ಆ ಚುಕ್ಕೆಗೆ ಕೋಶಕೇಂದ್ರ ಅಂತಾರೆ ಎಂದಿರಿ.

ಆ ಚಳಿಗಾಲವೆಲ್ಲ ನನಗೆ ಒಂದೇ ಉದ್ದನೆಯ ಬೆಳಗಿನ ಹಾಗೆ ನೆನಪಿದೆ. ಗಾಂಧಿ ಬಜಾರಿನಿಂದ ಅತ್ತೆ ತಂದ ದಾಸವಾಳದ ಹೂವಿನ ಪರಾಗ ಮುಳ್ಳುಮುಳ್ಳಿನ ಚಿನ್ನದ ಗುಂಡುಗಳಾಗುತ್ತಿತ್ತು. ಒಣಹುಲ್ಲು ನೆನೆಸಿಟ್ಟ ನೀರಿನ ಹನಿಯಲ್ಲಿ ಚಪ್ಪಲಿಯಾಕಾರದ ಜೀವಗಳು ಯಾವ ಅವಸರಕ್ಕೋ ಓಡುತ್ತಿದ್ದವು. ನೀವು ಕಣ್ಣಿಟ್ಟು "ಇನ್ನೊಂಚೂರು, ಇನ್ನೊಂಚೂರು" ಎನ್ನುವುದು, ನಾನು ತಿರುಪು ತಿರುಗಿಸುವುದು. ಮುಗಿದ ಮೇಲೆ ಆರೈಕೆ. ಮಸೂರದ ಧೂಳನ್ನು ಒತ್ತಿದರೆ ಗಾಳಿ ಬಿಡುವ ರಬ್ಬರ್ ಬುರುಡೆಯಿಂದ ಊದಬೇಕೇ ಹೊರತು ಬಾಯಿಂದಲ್ಲ, ಸೀರೆಯ ಸೆರಗಂತೂ ಮುಟ್ಟಿಸಲೇಬಾರದು. ತೇವ ಹೀರಲು ಪೆಟ್ಟಿಗೆಯಲ್ಲಿಡುತ್ತಿದ್ದ ನೀಲಿ ಹರಳುಗಳು ಮಳೆಗಾಲಕ್ಕೆ ಗುಲಾಬಿಯಾದರೆ, ಹಳೇ ಕಾವಲಿಯ ಮೇಲೆ ಹುರಿದು ಮತ್ತೆ ನೀಲಿ ಮಾಡಬೇಕು. ದೋಸೆ ಹುಯ್ಯುವ ಹೊತ್ತಿಗೆ ಒಲೆ ಹಿಡಿದುಕೊಳ್ಳುತ್ತೇವೆಂದು ಅತ್ತೆ ಗೊಣಗುತ್ತಿದ್ದರು.

ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಜಾಹೀರಾತನ್ನು ಪೇಪರಿನಿಂದ ಕತ್ತರಿಸಿ ನನ್ನ ಕಾಫಿ ಲೋಟದ ಕೆಳಗೆ ಇಟ್ಟವರು ನೀವೇ ಅಲ್ಲವೇ? ಪಿಯುಸಿಗೇ ಓದು ಬಿಟ್ಟು ಮದ್ದೂರು ಕಡೆಯ ಹಳ್ಳಿಯಿಂದ ಬಂದವಳು, ನನಗಿಂತ ಚಿಕ್ಕವರ ಜೊತೆ ಕೂತು ಕಲಿಯಲು ನಾಚಿದರೂ ಸೇರಿದೆ. ನಿಮ್ಮ ಮಗ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಪಾಸಾಗಿ, ಚಾಮರಾಜಪೇಟೆಯ ಸಣ್ಣ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿನ ಡಾಕ್ಟರ್ ಮೇಡಂ ಮೊದಲ ದಿನವೇ, ನಾನು ಮೈಕ್ರೋಸ್ಕೋಪನ್ನು ಎತ್ತುವ ರೀತಿ ನೋಡಿ, ಯಾರು ಕಲಿಸಿದ್ದು ಎಂದು ಕೇಳಿದ್ದರು. ಮಾವ ಎಂದೆ. ಅವರಿಗೆ ನಗು ಬಂತು. ಸೊಸೆಗೆ ಮಾವ ಕಲಿಸಿದ್ದನ್ನು ಅವರು ಕೇಳಿರಲಿಲ್ಲವಂತೆ.

ನೀವು ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದ ಆ ವರ್ಷ, ತೋಳಿನ ಮೇಲೆ ಏಟು ಬೀಳದೆಯೇ ನೀಲಿ ಕಲೆಗಳು ಮೂಡುತ್ತಿದ್ದವು. ರಕ್ತ ತೆಗೆದದ್ದೂ ನಾನೇ, ಗಾಜಿನ ಮೇಲೆ ಹರಡಿ ಬಣ್ಣ ಹಾಕಿದ್ದೂ ನಾನೇ. ಕಣ್ಣಿಟ್ಟೆ. ಎಲ್ಲೋ ಒಂದೊಂದು ಇರಬೇಕಾದ ಬಿಳಿಯ ಕಣಗಳು ನೇರಳೆ ಬಣ್ಣ ಕುಡಿದು, ಊದಿಕೊಂಡು, ಎಲ್ಲೆಲ್ಲೂ ತುಂಬಿದ್ದವು. ಗಾಜು ಅದಲುಬದಲಾಗಿರಬಹುದೆಂದು ಮತ್ತೊಮ್ಮೆ ಹೆಸರು ನೋಡಿದೆ. ನಿಮ್ಮದೇ. ಮೇಡಂ ಬಂದು ನೋಡಿದರು, ರಕ್ತದ ಕ್ಯಾನ್ಸರ್ ಎಂದು ರಿಪೋರ್ಟಿನಲ್ಲಿ ತಾವೇ ಬರೆದರು.

ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನೀವು ಕೇಳಿದಿರಿ. "ನೀನೇ ನೋಡಿದ್ಯಾ?"

"ಹೂಂ ಮಾವ."

"ಹಾಗಾದ್ರೆ ನಂಗೂ ತೋರಿಸು."

ನೀವು ಹೀಗೆ ಕೇಳುತ್ತೀರೆಂದು ಊಹಿಸಿ, ಮೇಡಂ ಅವರ ಒಪ್ಪಿಗೆ ಪಡೆದು ಗಾಜನ್ನು ತಂದಿದ್ದೆ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು, ಕಿಟಕಿಯಲ್ಲಿ ಜೇನಿನ ಬಣ್ಣದ ಬೆಳಕು. ನೀವು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಹಬ್ಬದ ಹಿಂದಿನ ದಿನ ಗಾಂಧಿ ಬಜಾರ್ ಇದ್ದ ಹಾಗಿದೆಯಲ್ಲಮ್ಮ. ಕಾಲಿಡೋಕೆ ಜಾಗ ಇಲ್ಲ." ತಿರುಪಿನ ಮೇಲಿದ್ದ ನನ್ನ ಬೆರಳು ಜಾರಿತು, ಕಂಡದ್ದೆಲ್ಲ ಮಸುಕಾಗಿರಬೇಕು. "ಅಳಬೇಡ, ಫೋಕಸ್ ಹೋಗುತ್ತೆ," ಎಂದಿರಿ. ಆಮೇಲೆ ನನ್ನ ಕಡೆ ತಿರುಗಿ, "ನೀನು ನಂಗೆ ಸುಳ್ಳು ಹೇಳೋ ಹಾಗಾಗಲಿಲ್ವಲ್ಲ, ಅಷ್ಟು ಸಾಕು. ಚೆನ್ನಾಗಿ ಕಲ್ತಿದೀಯ."

ನೀವು ಹೋದದ್ದು ಸಂಪಿಗೆ ಬಿಡುವ ಕಾಲದಲ್ಲಿ. ಅದನ್ನು ನಾನು ಬರೆಯುವುದಿಲ್ಲ. ನಿಮಗೆ ಗೊತ್ತಿರುವುದನ್ನು ಬರೆದು ಏನು ಪ್ರಯೋಜನ? ನಿಮಗೆ ಗೊತ್ತಿಲ್ಲದ್ದು ಒಂದಿದೆ.

ಮನೆಗೆ ಮಗಳು ಬಂದಿದ್ದಾಳೆ, ಮಾವ. ನಾನು, ನಿಮ್ಮ ಮಗ ಇಬ್ಬರೂ ಬಹಳ ಯೋಚಿಸಿ, ಅನಾಥ ಮಕ್ಕಳ ಆಶ್ರಮಕ್ಕೆ ಹೋಗಿ, ಕೋರ್ಟಿಗೆ ಅಲೆದು, ಕೊನೆಗೂ ಕರೆದುಕೊಂಡು ಬಂದೆವು. ಈಗಷ್ಟೇ ಗೋಡೆ ಹಿಡಿದು ನಡೆಯುತ್ತಾಳೆ. ಹೆತ್ತವರು ಯಾರೆಂದು ಯಾರಿಗೂ ಗೊತ್ತಿಲ್ಲ. ನಾವು ಹೇಳಿದಾಗ ಅತ್ತೆ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೆಂದು ನಾಮಕರಣದ ದಿನದವರೆಗೂ ನನಗೆ ತಿಳಿಯಲಿಲ್ಲ.

ಅವತ್ತು ಹನುಮಂತನಗರದಿಂದ ನಿಮ್ಮ ಅಕ್ಕ ಬಂದಿದ್ದರು. ನಡುಮನೆಯ ತುಂಬ ನೆಂಟರು. ಮಗುವಿನ ಮುಖವನ್ನು ಹೊರಳಿಸಿ ಹೊರಳಿಸಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಯಾರ ರಕ್ತವೋ ಏನೋ, ವಿಚಾರಿಸಿದ್ರಾ?" ಎಂದರು. ಇವರು ನೆಲ ನೋಡುತ್ತ ನಿಂತರು.

ಅತ್ತೆ ಎದ್ದು ಬಂದು ಮಗುವನ್ನು ತಮ್ಮ ಸೊಂಟಕ್ಕೆ ತೆಗೆದುಕೊಂಡರು.

"ದಿನಾ ಊರೋರ ರಕ್ತ ನೋಡೋದೇ ನಮ್ಮ ಜಯಂತಿ ಕೆಲಸ, ಅತ್ತಿಗೆ. ಅವಳಿಗಿಂತ ಇನ್ನು ಯಾರನ್ನ ವಿಚಾರಿಸಬೇಕಿತ್ತು? ಏಳಿ, ಎಲೆ ಹಾಕಿದೆ."

ನಿಮ್ಮ ಅಕ್ಕ ಎದ್ದರು. ಊಟಕ್ಕೆ ಕೂತ ಮೇಲೆ ತಮ್ಮ ಎಲೆಯ ಹೋಳಿಗೆಯಲ್ಲಿ ಒಂದು ಚೂರು ಮುರಿದು, ಆರಿಸಿ, ಮಗುವಿನ ಬಾಯಿಗೆ ಇಟ್ಟವರೂ ಅವರೇ.

ಅತ್ತೆಯೇ ಹೆಸರಿಟ್ಟರು, ಮಾವ. ನಿಮ್ಮ ಮೊಮ್ಮಗಳ ಹೆಸರು ಗೌರಿ.

ನಿಮ್ಮ ಸೊಸೆ,
ಜಯಂತಿ